ಮೊಂಡುಗೋಡೆಯ ಮಗ್ಗುಲು

ಟರ್ಕಿಯ ಕೊನ್ಯಾ ಬಯಲಿನಲ್ಲಿ ಸುಮಾರು 21 ಮೀಟರ್ ಎತ್ತರದ ಒಂದು ದಿಬ್ಬವಿದೆ. ಹೆಸರು ಚತಲ್‌ಹೊಯುಕ್. ಸುತ್ತೆಲ್ಲ ಸಮತಟ್ಟು ನೆಲ. ಜನ ಮನೆಯ ಮೇಲೆ ಮನೆ ಕಟ್ಟುತ್ತ ಹೋದದ್ದರಿಂದಲೇ ಈ ದಿಬ್ಬ ಎದ್ದಿತು. 1958ರಲ್ಲಿ ಪುರಾತತ್ವಜ್ಞ ಜೇಮ್ಸ್ ಮೆಲಾರ್ಟ್ ಇದನ್ನು ಗುರುತಿಸಿದರು. ಮುಂದೆ ಅಗೆದಂತೆಲ್ಲ ಒಂದರಡಿ ಒಂದರಂತೆ 18 ಹಂತದ ವಸತಿ ಕಾಣಿಸಿತು. ಬುಡದ ಮನೆಗಳಿಗೆ ಒಂಬತ್ತು ಸಾವಿರ ವರ್ಷ ದಾಟಿದೆ.

ಅವೆಲ್ಲ ಹಸಿ ಇಟ್ಟಿಗೆಯ ಮನೆಗಳು. ಮಣ್ಣಿನ ಗೋಡೆ ಸದಾ ಆರೈಕೆ ಬೇಡುತ್ತದೆ. ಅದಕ್ಕೇ ಅಲ್ಲಿನವರು ಬಿಳಿಮಣ್ಣಿನಿಂದ ಮತ್ತೆ ಮತ್ತೆ ಸಾರಿಸುತ್ತಿದ್ದರು. ಕೆಲವು ಗೋಡೆಗಳಲ್ಲಿ ನೂರಾರು ತೆಳುಪದರಗಳಿವೆ. ಕೆಲವು ತಲೆಮಾರು ಬಾಳಿ ಮನೆ ಹಣ್ಣಾದಾಗ ಒಳಗನ್ನು ಗುಡಿಸಿ ಬರಿದು ಮಾಡಿ, ಚಾವಣಿ ಇಳಿಸಿ, ಕಂಬ ಕಿತ್ತುಕೊಳ್ಳುತ್ತಿದ್ದರು. ಗೋಡೆಯ ಮೇಲ್ಭಾಗ ಕೆಡವಿ, ಆ ಇಟ್ಟಿಗೆ-ಮಣ್ಣನ್ನೇ ಕೋಣೆಯೊಳಗೆ ಒತ್ತಾಗಿ ತುಂಬುತ್ತಿದ್ದರು. ಉಳಿದ ಮೊಂಡುಗೋಡೆಯ ನೆತ್ತಿಯ ಮೇಲೆ ಹೊಸ ಗೋಡೆ ಏಳುತ್ತಿತ್ತು. ಮನೆಯ ನೆಲದಡಿಯೇ ಹೂತಿದ್ದ ಹಿರಿಯರು ಹೊಸ ಮನೆಗೂ ಹಿರಿಯರಾಗುತ್ತಿದ್ದರು.

ಇಲ್ಲಿ ಮುಖ್ಯವಾದದ್ದು ಆ ತುಂಬಿದ ಮಣ್ಣು. ಬರಿಗೋಡೆಯ ಮೇಲೆ ಭಾರ ಹೊರಿಸಿದ್ದರೆ ಅದು ವಾಲಿ ಬೀಳುತ್ತಿತ್ತು. ಮಗ್ಗುಲಿಗೆ ಮಣ್ಣು ಆತು ನಿಂತಾಗ ಅದೇ ಗೋಡೆ ಅಡಿಪಾಯವಾಯಿತು. ತನ್ನ ಬಿದ್ದ ತಲೆಯೇ ತನಗೆ ಆಸರೆಯಾಯಿತು.

ನಮಗೂ ಇಂಥ ಹಳೆಯ ಗೋಡೆಗಳಿವೆ. ಹಿಂದಿನವರಿಂದ ಬಂದ ಹೊಲ, ಅಂಗಡಿ, ಶಾಲೆ, ಸಂಘ ನಮ್ಮ ಕೈ ಸೇರಿದಾಗ ಕೆಲವರಿಗೆ ಬುಡಸಮೇತ ಕೆಡವುವ ಆತುರ. ಕೆಲವರಿಗೆ ಸಡಿಲಾದ ಇಟ್ಟಿಗೆಯನ್ನೂ ಮುಟ್ಟಗೊಡದ ಹಟ. ಇವೆರಡಕ್ಕಿಂತ ಹೆಚ್ಚಾಗಿ ನಾವು ಮಾಡುವ ತಪ್ಪು ಇನ್ನೊಂದಿದೆ: ಹಳೆಯದರ ಮೇಲೆ ಭಾರ ಹೊರಿಸುತ್ತೇವೆ, ಮಗ್ಗುಲು ತುಂಬುವುದಿಲ್ಲ. ಎಪ್ಪತ್ತು ದಾಟಿದ ಅಮ್ಮನಿಗೆ ಮೊಮ್ಮಕ್ಕಳನ್ನು ಒಪ್ಪಿಸಿ ಹೊರಡುತ್ತೇವೆ, ಅವಳ ಮೊಣಕಾಲ ನೋವು ಕೇಳುವುದಿಲ್ಲ. ಓದಿದ ಶಾಲೆಯ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ, ಅದರ ಸೋರುವ ಮಾಡಿಗೆ ಒಂದು ಹೆಂಚು ಕೊಡುವುದಿಲ್ಲ. ಒಂದು ದಿನ ಗೋಡೆ ವಾಲಿದಾಗ ಹಳೆಯದಾಗಿತ್ತು ಎಂದು ಅದನ್ನೇ ದೂರುತ್ತೇವೆ.

ಕೊನ್ಯಾ ಬಯಲಿನಲ್ಲಿ ಯಾರೂ ದಿಬ್ಬ ಕಟ್ಟಲೆಂದು ಹೊರಟಿರಲಿಲ್ಲ. ಒಬ್ಬೊಬ್ಬರೂ ತಮ್ಮ ಪಾಲಿಗೆ ಬಂದ ಗೋಡೆಯ ಮಗ್ಗುಲು ತುಂಬಿ, ಅದರ ಮೇಲೆ ಒಂದೊಂದು ಮನೆ ಎಬ್ಬಿಸಿದರು. ನಾವು ಭಾರ ಊರಿ ನಿಂತ ಹಳೆಯ ಗೋಡೆ ಯಾವುದೆಂದು ಒಮ್ಮೆ ನೋಡಿಕೊಳ್ಳೋಣ. ಅದರ ಮಗ್ಗುಲಿಗೆ ಒಂದು ಬುಟ್ಟಿ ಮಣ್ಣು ಇಂದೇ ಹಾಕೋಣ.