ಇಂದಿನ ಧಮ್ಮ ಚಿಂತನೆ: ನಿಲ್ಲದೆ, ಹೆಣಗದೆ





ಕಾಲೇಜು ಕ್ರೀಡಾಕೂಟಗಳ ದಿನಗಳಿವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮ್ಮ ಮಕ್ಕಳು ನಸುಕಿನಲ್ಲೆದ್ದು ಹೊಲದ ದಾರಿ, ಕಾಲುವೆ ದಂಡೆ ಹಿಡಿದು ಓಡುತ್ತಿದ್ದಾರೆ. ಹೆಚ್ಚಿನವರು ಪೊಲೀಸ್, ಮಿಲಿಟರಿ ಭರ್ತಿಗಾಗಿ ಓಡುವವರು. ಒಬ್ಬಿಬ್ಬರು ಮಾತ್ರ 3000 ಮೀಟರ್ ಸ್ಟೀಪಲ್‌ಚೇಸ್‌ಗೆ ಹೆಸರು ಕೊಟ್ಟಿದ್ದಾರೆ. ಇಂದಿನ ಚಿಂತನೆ ಆ ಓಟವನ್ನು ಕುರಿತು.

ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಟ್ರ್ಯಾಕಿನ ಮೇಲೆ ಏಳು ಸುತ್ತಿಗೂ ಚೂರು ಹೆಚ್ಚು ಓಡಬೇಕು. ದಾರಿಯಲ್ಲಿ 28 ಸಲ ಅಡ್ಡತಡೆ, 7 ಸಲ ನೀರಿನ ಹೊಂಡ. ಗಂಡುಮಕ್ಕಳಿಗೆ ತಡೆಯ ಎತ್ತರ 91.4 ಸೆಂ.ಮೀ., ಹೆಣ್ಣುಮಕ್ಕಳಿಗೆ 76.2. ಹರ್ಡಲ್ಸ್ ಓಟದ ತಡೆ ಕಾಲು ತಾಗಿದರೆ ಬಿದ್ದುಬಿಡುತ್ತದೆ. ಇದು ಬೀಳುವುದಿಲ್ಲ. 80ರಿಂದ 100 ಕೆ.ಜಿ. ತೂಕದ ತೊಲೆ, ಒದ್ದರೆ ಒಡೆಯುವುದು ನಮ್ಮ ಮೊಣಕಾಲೇ. ಆದರೆ ಅದರ ಮೇಲೆ ಕಾಲಿಟ್ಟು ದಾಟಲು ನಿಯಮದಲ್ಲಿ ಅವಕಾಶವಿದೆ. ನೀರಿನ ಹೊಂಡದ ಉದ್ದ 3.66 ಮೀಟರ್. ತಡೆಯ ಬುಡದಲ್ಲೇ ಆಳ ಹೆಚ್ಚು, ಮುಂದೆ ಹೋದಂತೆ ತಳ ಮೇಲೇರುತ್ತ ಟ್ರ್ಯಾಕಿಗೆ ಕೂಡಿಕೊಳ್ಳುತ್ತದೆ.

ನಮ್ಮ ಬಳಗಕ್ಕೆ ಬರುವ ಸಿಂದಗಿ ಕಡೆಯ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಹೋದ ವಾರ ಹೇಳಿದಳು: "ಅಣ್ಣಾ, ತಡೆ ದಾಟಾಕ ನನಗ ಅಂಜಿಕಿಲ್ಲ. ಕಟಗಿ ಅಡ್ಡ ಇಟ್ಟು ರೂಢಿ ಮಾಡೇನಿ. ನೀರಿನ ಹೊಂಡ ಮಾತ್ರ ನಾ ನೋಡೂದು ಸ್ಪರ್ಧೆ ದಿನಾನ. ಅದರ ಹತ್ರ ಬಂದ್ರ ಕಾಲು ತಾವಾಗೇ ನಿಲ್ತಾವ. ಈ ಸಲ ಹೆಸರು ತಗಸಲೇನು?"

ಆ ಮಾತು ಕೇಳಿದಾಗ ಸಂಯುತ್ತ ನಿಕಾಯದ ಮೊದಲ ಸುತ್ತ ನೆನಪಾಯಿತು, ಓಘತರಣ ಸುತ್ತ. ಓಘ ಎಂದರೆ ಪ್ರವಾಹ. ಸಾವತ್ಥಿಯ ಜೇತವನದಲ್ಲಿದ್ದ ಭಗವಾನರನ್ನು, ನೀವು ಪ್ರವಾಹವನ್ನು ದಾಟಿದ್ದು ಹೇಗೆ ಎಂದು ಕೇಳಲಾಯಿತು. (ಕೇಳಿದ್ದು ಒಬ್ಬ ದೇವತೆ ಎಂದಿದೆ. ನಮ್ಮ ಬಳಗದಲ್ಲಿ ಇದಕ್ಕೆ ತಕರಾರು ಬರುವುದು ನನಗೆ ಗೊತ್ತು. ಕೇಳಿದವರು ಯಾರಾದರೂ ಇರಲಿ, ಪ್ರಶ್ನೆ ನಮ್ಮದು.) ನಿಲ್ಲದೆಯೂ ಹೆಣಗದೆಯೂ ದಾಟಿದೆ ಎಂದರು ಭಗವಾನರು. ನಿಂತಾಗ ಮುಳುಗುತ್ತಿದ್ದರಂತೆ, ಹೆಣಗಿದಾಗ ಸೆಳವಿಗೆ ಸಿಗುತ್ತಿದ್ದರಂತೆ.

ಭೀಮಾ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಜನಿಯಿಂದ ನೀರು ಬಿಟ್ಟಾಗ ಸೆಳವಿನಲ್ಲಿ ಸಿಕ್ಕವನು ಕೈಕಾಲು ಬಡಿದಷ್ಟೂ ಸೋಲುತ್ತಾನೆ, ಸುಮ್ಮನಾದರೂ ಉಳಿಯುವುದಿಲ್ಲ. ಸ್ಟೀಪಲ್‌ಚೇಸ್ ಓಟಗಾರರ ಅನುಭವವೂ ಇದೇ. ಹೊಂಡದ ಮುಂದೆ ಹೆಜ್ಜೆ ತಡೆದವರು ಬುಡದ ಆಳಕ್ಕೇ ಬೀಳುತ್ತಾರೆ. ಹತ್ತಿಪ್ಪತ್ತು ಹೆಜ್ಜೆ ಮುಂಚೆಯೇ ವೇಗ ತುಸು ಏರಿಸಿ, ತೊಲೆಯ ಮೇಲೆ ಕಾಲಿಟ್ಟು, ಅದನ್ನೇ ಹಿಂದಕ್ಕೆ ಒತ್ತಿ ಹಾರಿದವರು ತಿಳಿನೀರಿನಲ್ಲಿ ಇಳಿದು ಹಾಗೇ ಮುಂದೆ ಓಡುತ್ತಾರೆ. ಇನ್ನು ಮೊದಲ ಎರಡು ಸುತ್ತಿನಲ್ಲೇ ಆವೇಶದಿಂದ ನುಗ್ಗಿದವರಿಗೆ ಕೊನೆಯ ತಡೆಗಳ ಹೊತ್ತಿಗೆ ಕಾಲು ಎತ್ತಲಾಗದು. ಬಾಬಾಸಾಹೇಬರು ನಮಗೆ ತಿಳಿಸಿದ ಪಾರಮಿಗಳಲ್ಲಿ ವಿರಿಯವೂ ಇದೆ, ಖಂತಿಯೂ ಇದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟವರ ಪಾಡು ಆರನೇ ಸುತ್ತಿನಲ್ಲಿ ಕಾಣುತ್ತದೆ.

ಈ ಓಟದಲ್ಲಿ ದೇಶಕ್ಕೆ ಹೆಸರು ತಂದ ಅವಿನಾಶ್ ಸಾಬಳೆ ಗಡಿಯಾಚೆಯ ಬೀಡ್ ಜಿಲ್ಲೆಯ ಮಾಂಡವಾ ಊರಿನವರು. ಅದೂ ನಮ್ಮಂತೆ ಮಳೆ ಕೈಕೊಡುವ ಸೀಮೆ. ತಂದೆತಾಯಿ ಇಟ್ಟಿಗೆ ಭಟ್ಟಿಯಲ್ಲಿ ದುಡಿದವರು. ಶಾಲೆ 6 ಕಿ.ಮೀ. ದೂರ, ಬಸ್ಸಿಲ್ಲ, ನಡೆದು, ಓಡಿ ಹೋದರು. 12ನೇ ತರಗತಿಯ ನಂತರ ಸೈನ್ಯ ಸೇರಿ ಸಿಯಾಚಿನ್ ಹಿಮ, ರಾಜಸ್ಥಾನದ ಮರಳು ಎರಡನ್ನೂ ಕಂಡರು. ಓಟಗಾರರಾದದ್ದು ಆಮೇಲೆ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ 8 ನಿಮಿಷ 11.20 ಸೆಕೆಂಡಿನಲ್ಲಿ ಬೆಳ್ಳಿ. ಚಿನ್ನ ತಪ್ಪಿದ್ದು ಕೇವಲ 0.05 ಸೆಕೆಂಡಿನಿಂದ. 1998ರಿಂದ ಅಲ್ಲಿಯವರೆಗೆ ಆ ಕೂಟದ ಪುರುಷರ ಸ್ಟೀಪಲ್‌ಚೇಸ್ ಪದಕಗಳೆಲ್ಲ ಕೆನ್ಯಾದವರ ಪಾಲಾಗಿದ್ದವು. ಮರುವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ.

ಅವರ ಪಡೆ ಯಾವುದು ಗೊತ್ತೇ? ಮಹಾರ್ ರೆಜಿಮೆಂಟ್. ಅದರ ಮೊದಲ ಬೆಟಾಲಿಯನ್ ಕಟ್ಟಿದ್ದು 1941ರ ಅಕ್ಟೋಬರ್‌ನಲ್ಲಿ, ನಮ್ಮ ಬೆಳಗಾವಿಯಲ್ಲಿ. 1890ರ ದಶಕದಲ್ಲಿ ಬ್ರಿಟಿಷರು ಮಹಾರರನ್ನು ಸಮರ ಜನಾಂಗವಲ್ಲವೆಂದು ಭರ್ತಿಯಿಂದ ಹೊರಗಿಟ್ಟರು. ಮೊದಲ ಮಹಾಯುದ್ಧಕ್ಕೆ ಬೇಕಾದಾಗ ಕರೆದು, ಮುಗಿದ ಮೇಲೆ ಮನೆಗೆ ಕಳಿಸಿದರು. ಸುಬೇದಾರ್ ರಾಮಜಿಯವರ ಮಗ 1941ರಲ್ಲಿ ವೈಸರಾಯ್ ಅವರ ರಕ್ಷಣಾ ಸಲಹಾ ಸಮಿತಿಯಲ್ಲಿ ಕೂತು ಪಟ್ಟು ಹಿಡಿದ ಮೇಲೆ ಬಾಗಿಲು ತೆರೆಯಿತು. ಇಂದು ಆ ರೆಜಿಮೆಂಟಿನಲ್ಲಿ ಎಲ್ಲ ಸಮುದಾಯದ ಸೈನಿಕರಿದ್ದಾರೆ.

ಇಲ್ಲಿ ಒಂದು ಎಚ್ಚರ ಬೇಕು. ಜಾತಿಯೂ ಒಂದು ಹರ್ಡಲ್ ಇದ್ದಂತೆ, ಶಕ್ತಿ ಇದ್ದವರು ಹಾರಿ ಹೋಗಲಿ ಎಂದು ನಮ್ಮ ಮಕ್ಕಳಿಗೆ ಉಪದೇಶ ಮಾಡುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಟ್ರ್ಯಾಕಿನ ಮೇಲೆ ಒಂದು ಓಟದಲ್ಲಿರುವ ಎಲ್ಲರಿಗೂ ತಡೆಯ ಎತ್ತರ ಒಂದೇ. ಅದಕ್ಕೇ ಅದು ಆಟ. ಊರಲ್ಲಿ ತಡೆಯ ಎತ್ತರ ಹುಟ್ಟಿದ ಓಣಿಯ ಮೇಲೆ ನಿಂತಿದೆ. 1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಕೆರೆಯ ನೀರು ಮುಟ್ಟಿದರು. ಆ ನೀರಿನ ಹಕ್ಕಿಗೆ ಬಾಂಬೆ ಹೈಕೋರ್ಟ್ ಒಪ್ಪಿಗೆ ಸಿಕ್ಕಿದ್ದು 1937ರ ಮಾರ್ಚ್‌ನಲ್ಲಿ. ಹತ್ತು ವರ್ಷ ಅವರು ನಿಲ್ಲಲೂ ಇಲ್ಲ, ಸೆಳವಿಗೆ ಸಿಗಲೂ ಇಲ್ಲ. ಅವರು ಮಾಡಿದ್ದು ತಡೆ ಹಾರುವ ಕೆಲಸವಲ್ಲ, ತಡೆ ತೆಗೆಸುವ ಕೆಲಸ. ಹೆಣ್ಣುಮಕ್ಕಳ ಸ್ಟೀಪಲ್‌ಚೇಸ್ ಒಲಿಂಪಿಕ್ಸ್‌ಗೆ ಬಂದದ್ದೂ 2008ರಲ್ಲಿ. ಅಷ್ಟು ವರ್ಷ ಅವರಿಗೆ ಕಾಲಿರಲಿಲ್ಲವೇ?

ಆದ್ದರಿಂದ ಆ ತಂಗಿಗೆ ಕೊಟ್ಟ ಉತ್ತರ ಎರಡು ಪಾಲಿನದು. ಹೊಂಡದ ಮುಂದೆ ಹೆಜ್ಜೆ ತಡೆಯದಿರುವುದು ಅವಳ ಪಾಲು. ಉಸಿರಿನ ಮೇಲೆ ಸತಿ ಇಟ್ಟು ಓಡುವುದನ್ನು ಆನಾಪಾನದಲ್ಲಿ ಕೂತು ಕಲಿತಿದ್ದಾಳೆ. ಆ ಹೊಂಡವನ್ನು ಸ್ಪರ್ಧೆಗೆ ಮುಂಚೆ ಅವಳಿಗೆ ತೋರಿಸುವುದು ನಮ್ಮ ಪಾಲು. ಹೆಸರು ತೆಗೆಸಿಲ್ಲ.

ನೀರಿನ ಹೊಂಡವಿರುವ ಟ್ರ್ಯಾಕ್‌ಗೆ ಅವಳನ್ನೂ ಇಂಡಿ, ಮುದ್ದೇಬಿಹಾಳದ ಇಬ್ಬರು ಹುಡುಗರನ್ನೂ ಎರಡು ದಿನ ಮುಂಚೆ ಕರೆದೊಯ್ಯಬೇಕೆಂದಿದೆ. ಅವಳಿಗೆ ಬಸ್ಸು ಪುಕ್ಕಟೆ. ಹುಡುಗರ ಬಸ್ ಚಾರ್ಜ್, ಮೂವರ ಊಟ, ವಸತಿ, ಒಂದು ಜೊತೆ ಸ್ಪೈಕ್ ಶೂ ಬೇಕು. ಈ ಭಾನುವಾರ ವಿಹಾರದಲ್ಲಿ ತ್ರಿಸರಣ, ಪಂಚಶೀಲದ ನಂತರ ಓಘತರಣ ಸುತ್ತದ ಓದು. ದಾನದ ಡಬ್ಬಿ ಬಾಗಿಲ ಹತ್ತಿರ ಇರುತ್ತದೆ. ನಿಮ್ಮ ಊರಲ್ಲಿ ಓಡುವ ಮಕ್ಕಳಿದ್ದರೆ ಜೊತೆಗೆ ಕರೆತನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್.