ನೋಡಿದವರು ಉಳಿಯುತ್ತಾರೆಯೇ?

ಹೋದ ವರ್ಷದ ಏಪ್ರಿಲ್‌ನಲ್ಲಿ ನಮ್ಮ ಊಟದ ಟೇಬಲ್ ಮೇಲೆ ಎರಡು ಅರ್ಜಿಗಳಿದ್ದವು. ಒಂದು, ಇಲ್ಲೇ ನಾಸಿಕ್‌ನಲ್ಲಿ ಆರು ವಾರ ನಡೆಯುವ ಕ್ರಿಕೆಟ್ ಬೇಸಿಗೆ ಶಿಬಿರದ್ದು. ಇನ್ನೊಂದು, ಛತ್ರಪತಿ ಸಂಭಾಜಿನಗರದಲ್ಲಿ ಖಾಸಗಿಯವರು ನಡೆಸುವ ಎರಡು ದಿನದ 'ಟ್ಯಾಲೆಂಟ್ ಹಂಟ್'ನದು. ಶುಲ್ಕ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಮಗನಿಗೆ ಆಗ ಹದಿನಾಲ್ಕು ವರ್ಷ. ಆಫ್ ಸ್ಪಿನ್ ಹಾಕುತ್ತಾನೆ.

ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದಾಗ ಅವನು ನಕ್ಕ. ಅವನ ಮಗ ಹೈಸ್ಕೂಲಿನಲ್ಲಿ ಬೇಸ್‌ಬಾಲ್ ಆಡುತ್ತಾನೆ. ಅಲ್ಲಿಯೂ ಇದೇ ಪೇಚಾಟ. ಒಂದು ಕಾಲೇಜು ತಾನೇ ನಡೆಸುವ ಕ್ಯಾಂಪಿಗೆ ಕಳಿಸಬೇಕೋ, ಹಲವು ಕಾಲೇಜುಗಳ ಕೋಚ್‌ಗಳು ಒಟ್ಟಿಗೆ ಬಂದು ಕೂರುವ ಶೋಕೇಸ್‌ಗೆ ಕಳಿಸಬೇಕೋ? "ಕಲಿಸೋದಕ್ಕ ದುಡ್ಡು ಕೊಡೂದೋ, ತೋರಿಸೋದಕ್ಕ ದುಡ್ಡು ಕೊಡೂದೋ, ಅಷ್ಟ ಪ್ರಶ್ನೆ ನೋಡಪಾ" ಅಂದ.

ನಾನು ತೋರಿಸುವುದನ್ನು ಆರಿಸಿದೆ. ಹದಿನೆಂಟು ವರ್ಷ ಕ್ಲೈಂಟ್‌ಗಳಿಗೆ ಡೆಮೊ ಕೊಟ್ಟು ಬದುಕಿದವನಿಗೆ ಅದೇ ಸಹಜ ಅನ್ನಿಸಿತು. ಬೆಳಗಿನ ನಾಲ್ಕಕ್ಕೆ ಹೊರಟು, ಯೇವಲಾ, ವೈಜಾಪುರ ದಾಟಿ ಸಂಭಾಜಿನಗರ ಸೇರಿದೆವು. ಮೈದಾನದ ತುಂಬ ಹುಡುಗರು, ಅವರ ಹಿಂದೆ ಅಪ್ಪಂದಿರು. ಮಗನ ಎದೆಗೆ ಒಂದು ನಂಬರ್ ಅಂಟಿಸಿದರು. ಮೂರು ತಾಸು ಕಾದ ಮೇಲೆ ನೆಟ್ಸ್‌ನಲ್ಲಿ ಎಂಟು ಎಸೆತ ಸಿಕ್ಕವು. ಬರೆದುಕೊಳ್ಳುತ್ತಿದ್ದವರು ಅದರಲ್ಲಿ ಎರಡು ಎಸೆತದ ಹೊತ್ತಿಗೆ ಮೊಬೈಲ್ ನೋಡುತ್ತಿದ್ದರು.

ವಾಪಸು ಬರುವಾಗ ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅಪ್ಪಾ, ಅವರು ನನ್ನ ಹೆಸರು ಸುದ್ದಾ ಕೇಳಲಿಲ್ಲ" ಅಂದ.

ನನಗೆ ಸಿಟ್ಟು ಬಂತು. ಆದರೆ ವೈಜಾಪುರ ದಾಟುವಷ್ಟರಲ್ಲಿ ಆ ಸಿಟ್ಟು ನನ್ನ ಕಡೆಗೇ ತಿರುಗಿತ್ತು. ಕ್ಯಾಂಪಸ್ ಇಂಟರ್‌ವ್ಯೂಗಳಲ್ಲಿ ಇಪ್ಪತ್ತು ನಿಮಿಷಕ್ಕೆ ಒಬ್ಬರಂತೆ ದಿನಕ್ಕೆ ಹದಿನೈದು ಹುಡುಗ ಹುಡುಗಿಯರ ಹಣೆಬರಹ ಬರೆಯುವವನು ನಾನೇ. ಮಧ್ಯಾಹ್ನದ ಊಟದ ನಂತರ ಬಂದವರಲ್ಲಿ ಒಬ್ಬರ ಮುಖವೂ ನನಗೆ ನೆನಪಿಲ್ಲ. ಅವರ ಮನೆಯವರೂ ಎಲ್ಲೋ ಬಸ್ಸಿನಲ್ಲಿ ಕೂತು ಹೀಗೇ ಕೇಳಿರಬಹುದು: 'ಹೆಸರಾದ್ರೂ ಕೇಳಿದ್ರಾ?'

ಹಾಗಾದರೆ ತೋರಿಸುವುದೇ ತಪ್ಪೇ? ಹಾಗೆನ್ನಲು ಬರುವುದಿಲ್ಲ. ಅಂದು ನಮ್ಮ ಪಕ್ಕದಲ್ಲಿ ಹಳ್ಳಿಯಿಂದ ಬಂದ ಹುಡುಗನೊಬ್ಬ ಕೂತಿದ್ದ. ಅವನ ಊರಲ್ಲಿ ಶಿಬಿರವಿಲ್ಲ, ಟರ್ಫ್ ಇಲ್ಲ. ಯಾರಾದರೂ ನೋಡದಿದ್ದರೆ ಅವನಿಗೆ ಕಲಿಯುವ ಜಾಗವೇ ಸಿಗುವುದಿಲ್ಲ. ನಮ್ಮ ಜಾವಗಲ್ ಶ್ರೀನಾಥ್ ಕ್ಲಬ್ ಪಂದ್ಯವೊಂದರಲ್ಲಿ ಬೌಲ್ ಮಾಡುತ್ತಿದ್ದಾಗಲೇ ಜಿ.ಆರ್. ವಿಶ್ವನಾಥ್ ಅವರ ಕಣ್ಣಿಗೆ ಬಿದ್ದದ್ದು. 1989ರಲ್ಲಿ ಹೈದರಾಬಾದ್ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ತೆಗೆದರು. ಬಲ್ಲವರು ಒಮ್ಮೆ ನೋಡಿದರೂ ಬಾಗಿಲು ತೆರೆಯಬಹುದು. ಆದರೆ ಆ ನೋಟವನ್ನು ಯಾರೂ ಶುಲ್ಕ ಕಟ್ಟಿ ಕೊಂಡಿರಲಿಲ್ಲ.

ಇನ್ನೊಂದು ಕಡೆ ರಾಹುಲ್ ದ್ರಾವಿಡ್ ಇದ್ದಾರೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬೇಸಿಗೆ ಶಿಬಿರದಲ್ಲಿ ಅವರನ್ನು ಗುರುತಿಸಿದ್ದು ಕೇಕಿ ತಾರಾಪೋರ್. ಗುರುತಿಸಿದವರೇ ಕಲಿಸಿದರು ಕೂಡ. ನಮ್ಮ ಈ ಜಿಲ್ಲೆಯಲ್ಲೇ ಸಾವರಪಾಡಾ ಎಂಬ ಆದಿವಾಸಿ ಹಳ್ಳಿಯಿಂದ ಬಂದ ಕವಿತಾ ರಾವುತ್, ನಾಸಿಕ್‌ನಲ್ಲಿ ವಿಜೇಂದರ್ ಸಿಂಗ್ ಅವರ ಕೈಕೆಳಗೆ ವರ್ಷಗಟ್ಟಲೆ ಓಡಿದರು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 10,000 ಮೀಟರ್ ಓಟದಲ್ಲಿ ಕಂಚು, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದರು. ಆ ಹುಡುಗಿಯನ್ನು ನೋಡಿದ ಕಣ್ಣು ನೋಡಿ ಎದ್ದು ಹೋಗಲಿಲ್ಲ. ಮರುದಿನ ಬೆಳಿಗ್ಗೆಯೂ ಮೈದಾನದಲ್ಲಿತ್ತು.

ಶಿಬಿರವೋ ಪ್ರದರ್ಶನವೋ ಎಂಬ ನನ್ನ ಪ್ರಶ್ನೆಯೇ ಅಷ್ಟು ಸರಿಯಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಕೇಳಬೇಕಾದದ್ದು ಇಷ್ಟು: ನನ್ನ ಮಗುವನ್ನು ನೋಡುವವರು, ನೋಡಿದ್ದಕ್ಕೆ ಜವಾಬ್ದಾರರಾಗುತ್ತಾರೆಯೇ? ಶಿಬಿರಗಳಲ್ಲೂ ಹಾಜರಿ ಹಾಕಿ ಹಣ ಎಣಿಸಿಕೊಳ್ಳುವವರಿದ್ದಾರೆ. ಜಿಲ್ಲಾ ಸಂಸ್ಥೆಯ ಆಯ್ಕೆಯಲ್ಲೂ ಎಸೆತಗಳು ಕೆಲವೇ. ಆದರೆ ಅದರ ಹಿಂದೆ ಜಿಲ್ಲಾ ತಂಡ, ಅಂತರ ಜಿಲ್ಲಾ ಪಂದ್ಯ, ಮುಂದೆ ಮಹಾರಾಷ್ಟ್ರ ತಂಡ ಎಂಬ ಮೆಟ್ಟಿಲುಗಳಿವೆ. ಆರಿಸಿದವರು ಉತ್ತರ ಹೇಳಬೇಕಾಗುತ್ತದೆ.

ಈ ಬೇಸಿಗೆಯಲ್ಲಿ ಅವನನ್ನು ನಾಸಿಕ್‌ನ ಶಿಬಿರಕ್ಕೆ ಸೇರಿಸಿದೆ. ಐದನೇ ವಾರ ಕೋಚ್ ಸರ್ ನನ್ನನ್ನು ಬದಿಗೆ ಕರೆದು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಹುಡುಗನಿಗೆ ಆಟದ ಬುದ್ಧಿ ಚೆನ್ನಾಗಿದೆ, ಜಿಲ್ಲಾ ಮಟ್ಟದಲ್ಲಿ ಪ್ರಯತ್ನಿಸಲಿ. ರಾಜ್ಯ ತಂಡದ ಮಟ್ಟ ತನಗೆ ಕಾಣುತ್ತಿಲ್ಲ. ಹತ್ತನೇ ತರಗತಿಯ ಓದು ಬಿಡಿಸಬೇಡಿ, ಆಟವನ್ನೂ ಬಿಡಿಸಬೇಡಿ.

ಆಗ ನನಗೆ ನನ್ನ ಹಿಂದಿನ ವರ್ಷದ ಆಯ್ಕೆ ಅರ್ಥವಾಯಿತು. ಟ್ಯಾಲೆಂಟ್ ಹಂಟ್‌ನಲ್ಲಿ ಸೋತರೆ 'ಎಂಟೇ ಎಸೆತ ಕೊಟ್ಟರು, ನೋಡಲೇ ಇಲ್ಲ' ಎಂದು ಹೇಳಿಕೊಳ್ಳಬಹುದು. ಆಸೆ ಹಾಗೇ ಉಳಿಯುತ್ತದೆ. ಐದು ವಾರ ದಿನವೂ ನೋಡಿದವರ ಮಾತಿಗೆ ಅಂಥ ನೆಪವಿಲ್ಲ. ನಾನು ಮಗನಿಗೆ ಅವಕಾಶ ಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೆ. ನಿಜವಾಗಿ ಕೊಂಡದ್ದು, ನಿಜ ಕೇಳಿಸಿಕೊಳ್ಳದೆ ಇನ್ನೊಂದು ವರ್ಷ ಕಳೆಯುವ ಸೌಕರ್ಯವನ್ನು.

ಮಗನಿಗೆ ಎಷ್ಟು ಹೇಳಬೇಕೆಂದು ತಿಳಿಯದೆ ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಅವನೇ, "ಸರ್ ನನಗೂ ಹೇಳ್ಯಾರಪ್ಪಾ. ನಾಳೆ ಬೇಗ ಎಬ್ಬಿಸು, ನೆಟ್ಸ್ ಕಟ್ಟೋದು ನನ್ನ ಪಾಳಿ" ಅಂದ.

ಮುಂದಿನ ವಾರ ಮತ್ತೆ ಇಂಟರ್‌ವ್ಯೂಗಳಿವೆ. ಇಪ್ಪತ್ತು ನಿಮಿಷವನ್ನು ನಲವತ್ತು ಮಾಡಲು ಕಂಪನಿ ಒಪ್ಪುವುದಿಲ್ಲ. ತಿರಸ್ಕರಿಸಿದವರಿಗೆ ಕಾರಣವನ್ನು ಎರಡು ಸಾಲಿನಲ್ಲಿ ಬರೆದು ಕಳಿಸುವುದಕ್ಕೆ ಮಾತ್ರ ಯಾರ ಅನುಮತಿಯೂ ಬೇಕಿಲ್ಲ ಎಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಬರೆಯುವಾಗ ಹೆಸರು ಹಿಡಿದು ಬರೆಯಬೇಕು.