ಹೆಸರಿಲ್ಲದವರ ಮಾತು

ಸಹಿ ಇಲ್ಲದೆ ಬರುವ ದೂರಿಗೆ ಸರ್ಕಾರಿ ಕಚೇರಿಗಳಲ್ಲಿ ಮೂಗರ್ಜಿ ಎನ್ನುತ್ತಾರೆ. ಜನರ ಬಾಯಲ್ಲಿ ಅದೇ ಆಕಾಶರಾಮನ ಪತ್ರ. ಎರಡೂ ಮಾತಿನಲ್ಲಿ ಸಣ್ಣದೊಂದು ತಿರಸ್ಕಾರವಿದೆ. ಹೆಸರು ಹಾಕುವ ಧೈರ್ಯ ಇಲ್ಲದವನ ಮಾತಿಗೆ ಬೆಲೆ ಯಾಕೆ ಕೊಡಬೇಕು ಎಂಬ ಪ್ರಶ್ನೆ ಅದರೊಳಗೇ ಕೂತಿದೆ.

ಈ ಪ್ರಶ್ನೆ ಕೇಳುವುದು ಸುಲಭ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಯಾವುದೋ ಒಂದು ಹಳ್ಳಿ ಅಂದುಕೊಳ್ಳಿ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತೂಕ ಕಡಿಮೆ ಬರುತ್ತಿದೆ. ಆ ಅಂಗಡಿಯವನೇ ಮಗಳ ಮದುವೆಗೆ ಸಾಲ ಕೊಟ್ಟವನು, ಹೊಲಕ್ಕೆ ಹೋಗುವ ದಾರಿಯೂ ಅವನ ಬದುವಿನ ಮೇಲೆಯೇ. ಅಂಥಲ್ಲಿ ಕೂಲಿ ಹೆಂಗಸೊಬ್ಬಳು ಯಾರಿಂದಲೋ ಬರೆಸಿ ಕಳಿಸಿದ ಕಾಗದದಲ್ಲಿ ಹೆಸರಿಲ್ಲ ಎಂದರೆ ಅದು ಹೇಡಿತನವೆ? ನನಗೆ ಹಾಗನ್ನಿಸುವುದಿಲ್ಲ.

ಹಾಗಾದರೆ ಬಡವರ ಮುಸುಕು ಸರಿ, ಬಲಾಢ್ಯರ ಮುಸುಕು ತಪ್ಪು ಎಂದು ಗೆರೆ ಎಳೆದುಬಿಡಬಹುದೆ? ಬಲಾಢ್ಯರ ಮುಸುಕಿಗೆ ಅಮೆರಿಕದ ಮೊದಲ ಪತ್ರಿಕೆಗಳಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಫಿಲಡೆಲ್ಫಿಯಾದಲ್ಲಿ 1791ರಲ್ಲಿ ಕವಿ ಫಿಲಿಪ್ ಫ್ರೆನೋ 'ನ್ಯಾಷನಲ್ ಗೆಜೆಟ್' ಶುರುಮಾಡಿದ. ವಿದೇಶಾಂಗ ವ್ಯವಹಾರ ನೋಡುತ್ತಿದ್ದ ಜೆಫರ್ಸನ್ ತನ್ನ ಇಲಾಖೆಯಲ್ಲಿ ಅವನಿಗೆ ವರ್ಷಕ್ಕೆ 250 ಡಾಲರಿನ ಅನುವಾದಕನ ಕೆಲಸ ಕೊಟ್ಟಿದ್ದ. ಪತ್ರಿಕೆ ಖಜಾನೆ ಮಂತ್ರಿ ಹ್ಯಾಮಿಲ್ಟನ್ನನ ಬೆನ್ನು ಬಿತ್ತು. ಅದರಲ್ಲಿ ಮ್ಯಾಡಿಸನ್ ಕೂಡ ಹೆಸರು ಹಾಕದೆ ಬರೆಯುತ್ತಿದ್ದ. 1792ರ ಜುಲೈನಲ್ಲಿ ಎದುರಾಳಿ ಸಂಪಾದಕ ಜಾನ್ ಫೆನೋನ ಪತ್ರಿಕೆಯಲ್ಲಿ 'ಟಿ.ಎಲ್.' ಎಂಬ ಎರಡಕ್ಷರದ ಸಹಿಯ ಪುಟ್ಟ ಪತ್ರ ಬಂತು. ಈ ಸಂಪಾದಕನಿಗೆ ಸರ್ಕಾರ ಸಂಬಳ ಕೊಡುತ್ತಿರುವುದು ಅನುವಾದಕ್ಕೋ, ಸರ್ಕಾರವನ್ನೇ ಬೈಯುವುದಕ್ಕೋ ಎಂದು ಅದು ಕೇಳಿತ್ತು. ಬರೆದವನು ಸ್ವತಃ ಹ್ಯಾಮಿಲ್ಟನ್. ಇತ್ತ ಫೆನೋನಿಗೂ ಖಜಾನೆಯ ಮುದ್ರಣದ ಕೆಲಸ ಸಿಗುತ್ತಿತ್ತು.

ಇಲ್ಲಿ ನನ್ನನ್ನು ತೊಡರಿಸುವ ಸಂಗತಿ ಒಂದಿದೆ. 'ಟಿ.ಎಲ್.' ಸುಳ್ಳು ಹೇಳಿರಲಿಲ್ಲ. ಸಂಬಳದ ವಿಷಯ ನಿಜವೇ. ಹಾಗಿದ್ದರೆ ಅನ್ಯಾಯ ಆದದ್ದು ಯಾರಿಗೆ? ಫ್ರೆನೋಗಿಂತ ಹೆಚ್ಚಾಗಿ ಓದುಗನಿಗೆ. ಬೈಸಿಕೊಂಡ ಮಂತ್ರಿಯೇ ಮುಯ್ಯಿ ತೀರಿಸಿಕೊಳ್ಳುತ್ತಿದ್ದಾನೆ ಎಂದು ಗೊತ್ತಿದ್ದರೆ ಓದುಗ ಆ ಮಾತನ್ನು ಬೇರೆ ತಕ್ಕಡಿಯಲ್ಲಿ ತೂಗುತ್ತಿದ್ದ. ಆ ತಕ್ಕಡಿಯನ್ನೇ ಅವನಿಂದ ಕಸಿದುಕೊಳ್ಳಲಾಯಿತು. ಕೂಲಿ ಹೆಂಗಸಿನ ಕಾಗದಕ್ಕೆ ಈ ತೊಂದರೆ ಇಲ್ಲ. ಬರೆದವರು ಯಾರೇ ಆಗಿರಲಿ, ಅಂಗಡಿಯ ಅಕ್ಕಿಯನ್ನು ಮತ್ತೆ ತೂಗಿ ನೋಡಬಹುದು. ಆದರೆ ಅದೇ ಹೆಂಗಸು ಪಕ್ಕದ ಮನೆಯವಳ ನಡತೆಯ ಬಗ್ಗೆ ಹೆಸರಿಲ್ಲದೆ ಬರೆಸಿದ್ದರೆ? ಅದನ್ನು ತೂಗುವ ಕಲ್ಲು ಯಾವ ಕಚೇರಿಯಲ್ಲೂ ಇಲ್ಲ. ಬಡತನ ಆ ಕಾಗದವನ್ನು ಶುದ್ಧ ಮಾಡುವುದಿಲ್ಲ.

ಎಲ್ಲರೂ ಹೆಸರು ಹಾಕಿ ಎದುರೆದುರು ನಿಂತರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ನಮ್ಮ ಆಳಂದದವನೇ ಆದ ಏಕಾಂತದ ರಾಮಯ್ಯನ ಕತೆ ನೆನಪಿಸಬೇಕು. ಹನ್ನೆರಡನೆಯ ಶತಮಾನದಲ್ಲಿ ಅಬ್ಬಲೂರಿನಲ್ಲಿ ಜೈನರ ಜೊತೆ ಅವನ ವಾದ ನಡೆದದ್ದು ಬಯಲಿನಲ್ಲಿ. ಪಣವೇನೆಂದು ಓಲೆಯಲ್ಲಿ ಬರೆಸಿಕೊಂಡು, ಸ್ವಂತ ತಲೆಯನ್ನೇ ಒತ್ತೆ ಇಟ್ಟ, ತಲೆ ಮರಳಿ ಬಂತು ಎಂದು ಅಲ್ಲಿನ ಶಾಸನ ಹೇಳುತ್ತದೆ. ಇದಕ್ಕಿಂತ ಬಹಿರಂಗವಾದ ಜಗಳ ಇನ್ನಾವುದು? ಕೊನೆಗೆ ಒಡೆದದ್ದು ಮಾತ್ರ ಸೋತವರ ದೇವರ ವಿಗ್ರಹ. ಮುಖ ತೋರಿಸಿದ ಮಾತ್ರಕ್ಕೆ ಕೈ ನ್ಯಾಯದ್ದಾಗುವುದಿಲ್ಲ. (ಅಂಕಿತದ ಮಾತು ಬೇರೆ. ಜೇವರ್ಗಿಯ ಷಣ್ಮುಖ ಶಿವಯೋಗಿ 'ಅಖಂಡೇಶ್ವರ' ಎಂದು ವಚನ ಮುಗಿಸಿದ್ದು ಯಾರಿಂದಲೂ ಅಡಗುವುದಕ್ಕಲ್ಲ.)

ಪತ್ರಿಕೆ ಎಂಬ ಏರ್ಪಾಟು ಈ ತೊಡಕಿಗೆ ಒಂದು ಉಪಾಯ ಕಂಡುಕೊಂಡಿದೆ ಅನ್ನಿಸುತ್ತದೆ. ಬ್ರಿಟಿಷ್ ಇಂಡಿಯಾದಲ್ಲಿ 1867ರ ಕಾಯ್ದೆ ಪ್ರತಿ ಪತ್ರಿಕೆಯ ಮೇಲೂ ಮುದ್ರಕನ ಹೆಸರು ಇರಲೇಬೇಕು ಎಂದಿತು. ಉದ್ದೇಶ ಹಿಡಿದು ಶಿಕ್ಷಿಸುವುದೇ ಇದ್ದೀತು. ಆದರೂ ಅದರಿಂದ ಬರೆದವನಿಗೆ ಹೆಸರಿಲ್ಲದಿದ್ದರೂ ಅಚ್ಚು ಮಾಡಿದವನಿಗೆ ಹೆಸರಿದೆ ಎಂಬ ಒಂದು ಆಧಾರ ಹುಟ್ಟಿತು. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ಅಧಿಕಾರಸ್ಥರಿಗೆ ಅಡ್ಡಹೆಸರಿಟ್ಟು ಕುಟುಕುತ್ತಿತ್ತು. ಆ ಕುಟುಕು ಎಲ್ಲ ಸಲವೂ ನ್ಯಾಯವಾಗಿತ್ತು ಎಂದು ವಾದಿಸಲಾರೆ. ಆದರೆ ಸಂಪಾದಕ ತನ್ನ ಹೆಸರನ್ನೇ ಪತ್ರಿಕೆಗೆ ಇಟ್ಟಿದ್ದರು. ಉತ್ತರ ಕೇಳುವವರಿಗೆ ಬಾಗಿಲು ಯಾವುದು ಎಂದು ಗೊತ್ತಿತ್ತು. ಇವತ್ತು ಮೊಬೈಲಿನಿಂದ ಮೊಬೈಲಿಗೆ ದಾಟುವ ಚಾಡಿಗೆ ಅಂಥ ಬಾಗಿಲೇ ಇಲ್ಲ.

ಬಾಗಿಲ ಮೇಲೆ ಹೆಸರು ಬರೆದುಕೊಳ್ಳುವುದರ ಬೆಲೆ ಏನೆಂದು ಈ ಸೀಮೆಗೆ ಗೊತ್ತಿರಬೇಕು. ಈ ಮೂರೂ ತಾಲೂಕು ಇನ್ನೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, ಸಂಸ್ಥಾನ ಭಾರತದ ಜೊತೆ ಸೇರಬೇಕು ಎಂದು 'ಇಮ್ರೋಜ್' ಎಂಬ ಉರ್ದು ದಿನಪತ್ರಿಕೆಯಲ್ಲಿ ಶೋಯಬುಲ್ಲಾ ಖಾನ್ ಬರೆಯುತ್ತಿದ್ದರು. ಮೂವತ್ತೂ ದಾಟದ ಸಂಪಾದಕ. 1948ರ ಆಗಸ್ಟ್‌ನ ಒಂದು ರಾತ್ರಿ ಕಚೇರಿಯಿಂದ ಮನೆಗೆ ಹೋಗುವ ದಾರಿಯಲ್ಲಿ ಅವರನ್ನು ಕೊಂದರು, ಕೈಯನ್ನೂ ಕತ್ತರಿಸಿದರು. ಅವರ ಬರಹವನ್ನು ಬರಹದಿಂದ ಎದುರಿಸಲು ರಾಜಧಾನಿಯಲ್ಲಿ ಪತ್ರಿಕೆಗಳಿಗೇನೂ ಕೊರತೆ ಇರಲಿಲ್ಲ. ಸಂಸ್ಥಾನ ಭಾರತಕ್ಕೆ ಸೇರಿದ್ದು ಸೆಪ್ಟೆಂಬರ್ 17ರಂದು, ಅವರು ಹೋಗಿ ತಿಂಗಳು ತುಂಬುವ ಮೊದಲೇ.